ಹೊಳೆಯ ಮೆಟ್ಟಿಲಲ್ಲಿ ಕೂಗಿದ ಹೆಸರು

ಗೋವಿನಕೋವಿ
೧೧ ಫೆಬ್ರವರಿ ೧೯೭೯, ಭಾನುವಾರ

ಮೊಣಕಾಲು ಇನ್ನೂ ಉರಿಯುತ್ತಿದೆ. ಅತ್ತೆ ಅರಿಶಿನ ಹಚ್ಚಿದರು, ಹಚ್ಚುತ್ತಲೇ ನಕ್ಕರು.

ಬೆಳಿಗ್ಗೆ ಊರವರೆಲ್ಲ ಸೇರಿ ಹೊಳೆಯ ದಂಡೆಯಲ್ಲಿ ಶ್ರಮದಾನ ಮಾಡಿದೆವು. ಗಂಡಸರು ಹೂಳು ಎತ್ತಿದರು. ಹೆಂಗಸರು ಮೆಟ್ಟಿಲ ಮೇಲಿನ ಹರಕು ಬಟ್ಟೆ, ಒಡೆದ ಮಡಕೆ, ಕೊಳೆತ ಬಾಳೆಲೆ ಆರಿಸಿದೆವು. ಕಲ್ಲಿಗೆ ಸಿಕ್ಕಿಕೊಂಡಿದ್ದ ಹಳೇ ಸೀರೆಯೊಂದನ್ನು ಎಳೆಯುವಾಗ ಪಾಚಿಯ ಮೇಲೆ ಕಾಲು ಜಾರಿ ನೀರಿಗೆ ಬಿದ್ದೆ. ಅಲ್ಲಿ ಮಡು. ಕಾಲಿಗೆ ನೆಲವೇ ಸಿಗಲಿಲ್ಲ.

"ಸರ್ವಮಂಗಳಾ!"

ಕೂಗಿದ್ದು ನಮ್ಮ ಯಜಮಾನರು. ಮದುವೆಯಾಗಿ ಎರಡು ವರ್ಷವಾದರೂ "ಇವಳೇ", "ಇಲ್ನೋಡು" ಬಿಟ್ಟು ಬೇರೆ ಏನೂ ಕರೆದವರಲ್ಲ. ಇವತ್ತು ಇಡೀ ಊರಿನೆದುರು ನನ್ನ ಹೆಸರು ಕೂಗುತ್ತಾ ಓಡಿಬಂದು, ನೀರಿಗೆ ಹಾರಿ, ರಟ್ಟೆ ಹಿಡಿದೆಳೆದು ಮೆಟ್ಟಿಲ ಮೇಲೆ ಕೂರಿಸಿದರು. 

ಅತ್ತೆ ಸೆರಗಿನಿಂದ ನನ್ನ ತಲೆ ಒರೆಸುತ್ತಾ ಮಗನಿಗೆ, "ಅಷ್ಟುದ್ದ ಹೆಸ್ರು ಕೂಗಿ ಮುಗಿಸೋದ್ರೊಳಗೆ ಮುಳುಗೇ ಹೋಗ್ತಿದ್ಲಲ್ಲೋ!" ಎಂದರು. ಹೆಂಗಸರೆಲ್ಲ ನಕ್ಕರು. ಯಜಮಾನರು ತಲೆ ತಗ್ಗಿಸಿ ಹೂಳು ಎತ್ತಲು ಹೋಗಿಬಿಟ್ಟರು.

ಉಳಿದ ಮೆಟ್ಟಿಲು ಮುಂದಿನ ಭಾನುವಾರವಂತೆ. ರಾತ್ರಿ ಊಟಕ್ಕೆ ಕೂತಾಗ, "ನೀ ಬರಾದು ಬ್ಯಾಡ" ಎಂದರು ಯಜಮಾನರು, ತಟ್ಟೆ ನೋಡುತ್ತಾ.

"ಬರ್ಲಿ ಬಿಡಪ್ಪ," ಎಂದರು ಅತ್ತೆ. "ಅವಳ ಪಕ್ಕದಾಗೆ ನಿಂತು ಕೆಲ್ಸ ಮಾಡಾಕೆ ನಿಂಗೇನು ಕಷ್ಟ ಐತೆ?"

 ಈಗ ಯಜಮಾನರು ಪಡಸಾಲೆಯಲ್ಲಿ ಕೂತು ದೊಡ್ಡ ಬುಟ್ಟಿಯೊಂದಕ್ಕೆ ಎರಡೂ ಬದಿ ಹಗ್ಗದ ಹಿಡಿ ಕಟ್ಟುತ್ತಿದ್ದಾರೆ. ಅದನ್ನು ಒಬ್ಬರೇ ಎತ್ತುವುದು ಆಗದ ಮಾತು. ನೋಡದವಳಂತೆ ಬರೆಯುತ್ತಾ ಕೂತಿದ್ದೇನೆ, ನಗು ಮಾತ್ರ…