ಪರದೆ ಹಾಕಿರೋ ಕಿಟಕಿ

ಅಪ್ಪಾ,

ನೀನು ತೀರಿಹೋಗಿ ಮೂರು ತಿಂಗಳಾಯ್ತು. ಓದೋರಿಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ.

ಇವತ್ತು ಯೂನಿವರ್ಸಿಟಿ ನೌಕರರಿಗೆಲ್ಲ ನಿವೃತ್ತಿ ಸೌಲಭ್ಯದ ತರಬೇತಿ ಇತ್ತು. ನಾಮಿನಿ ಫಾರಂ ಹೇಗೆ ತುಂಬಬಾರದು ಅಂತ ತೋರಿಸೋಕೆ ತರಬೇತಿ ಕೊಡೋರು ಒಂದು ಹಳೇ ಫಾರಂನ ಪ್ರೊಜೆಕ್ಟರ್‌ನಲ್ಲಿ ಗೋಡೆ ಮೇಲೆ ಬಿಟ್ಟರು. ಹೆಸರುಗಳನ್ನ ಕಪ್ಪು ಮಾಡಿದ್ದರು. ಆದರೆ ಕೈಬರಹ ನಿನ್ನದು. ವಿಳಾಸದ ಜಾಗದಲ್ಲಿ ನೀನು ಬರೆದಿದ್ದೆ: 'ಮಗಳ ಮನೆ ಎಲ್ಲಿದೆಯೋ ಗೊತ್ತಿಲ್ಲ. ಪರೀಕ್ಷಾ ವಿಭಾಗ, ಮೂರನೇ ಮಹಡಿ, ಪರದೆ ಹಾಕಿರೋ ಕಿಟಕಿ.'

"ಕಿಟಕಿಗೆ ಪೆನ್ಶನ್ ಕಳಿಸೋಕಾಗುತ್ತೇನ್ರೀ?" ಅಂದರು ಅವರು. ಹಾಲ್ ತುಂಬ ನಗು. ನಾನೂ ಹಲ್ಲು ಕಿರಿದೆ. ಪಕ್ಕದಲ್ಲಿದ್ದ ಟೈಪಿಸ್ಟ್ ಮಾತ್ರ ನಗಲಿಲ್ಲ.

"ಮೂರನೇ ಮಹಡೀಲಿ ಪರದೆ ಇರೋದು ನಿಮ್ಮ ಕಿಟಕಿಗೊಂದೇ ಅಲ್ವಾ ಮೇಡಂ?"

"ಬಿಸಿಲು ಹೊಡೆಯುತ್ತೆ, ಅದಕ್ಕೆ" ಅಂದೆ.

ಬಿಸಿಲು ಆ ಕಡೆ ಬರೋದೇ ಇಲ್ಲ. ಎದುರಿಗೆ ನೀನು ಪುಸ್ತಕ ಬೈಂಡ್ ಮಾಡೋ ಕೋಣೆ ಕಾಣುತ್ತಿತ್ತು. ನಮ್ಮ ಜಗಳ ಆದ ಮಾರನೇ ದಿನವೇ ನಾನು ಪರದೆ ಹಾಕಿಸಿದೆ. ಆರು ವರ್ಷ ಒಂದು ದಿನವೂ ಸರಿಸಲಿಲ್ಲ.

ತರಬೇತಿ ಮುಗಿಸಿ ಬಂದು ಇವತ್ತು ಸರಿಸಿದೆ. ನಿನ್ನ ಕೋಣೆಗೆ ಬೀಗ ಬಿದ್ದಿದೆ. ಬಾಗಿಲ ಹೊರಗೆ ನಿನ್ನ ಕುರ್ಚಿ ಇನ್ನೂ ಹಾಗೇ ಇದೆ, ನನ್ನ ಕಿಟಕಿಗೆ ಮುಖ ಮಾಡಿಕೊಂಡು.