ಕಲ್ಲು ಬಿಟ್ಟು ಹಾಡಿದ ಪದ

ಝರಾಸಂಗಂ
ಶ್ರಾವಣದ ಎರಡನೇ ಸೋಮವಾರ, ಫಸಲಿ ವರ್ಷ ೧೩೫೦

ನನ್ನ ಬಂಗಾರದಂಥ ಮೊಮ್ಮಗ ವೈಜಿನಾಥಗ,

ನಿನ್ನ ಆಯಿ ಈರಮ್ಮ ಕೈ ಎತ್ತಿ ಹರಸೂದು. ಕೆಮ್ಮು ಹೋತೇನು? ಮುಂಬೈ ಮಳ್ಯಾಗ ತಲಿ ತೋಯಿಸ್ಕೊಂಡು ತಿರುಗಬ್ಯಾಡ. ನಾ ಕಳಿಸಿದ ಸುಂಠಿ ಇನ್ನೂ ಡಬ್ಬ್ಯಾಗೇ ಇರಬೇಕು, ನಂಗ ಗೊತ್ತದ. ನಾ ಗಟ್ಟಿ ಅದೀನಿ. ಮೊಣಕಾಲು ಮಾತ್ರ ನಿಮ್ಮಪ್ಪ ಮಾಣಿಕಪ್ಪನಂಗ, ಹೇಳಿದ ಮಾತು ಕೇಳೂದಿಲ್ಲ. ಮಠದಾಗ ಅಯ್ಯನೋರು ಕಲಿಸಿದ ನಾಕು ಅಕ್ಷರದಾಗ ಬರೀಲಿಕತ್ತೀನಿ, ತಪ್ಪಿದ್ದಲ್ಲಿ ತಿದ್ದಿ ಓದು. ಅಷ್ಟು ಓದಿದವ ಅದಕ್ಕೂ ಆಗದಿದ್ರ ಹ್ಯಾಂಗ?

ನಿನ್ನ ಕಾಗದ ಮೂರು ಸಲ ಓದಿದೆ. ಸಂಗೀತದಾಗ ಡಾಕ್ಟರೇಟ್ ಅಂಬೋ ಆ ಎಲ್ಲಕ್ಕೂ ಮೇಲಿನ ಪದವಿ ಸಿಗಬೇಕಾದ್ರ ನಿನ್ನದೇ ಒಂದು ಹೊಸ ಹಾಡು ಕಟ್ಟಿ ಪಂಡಿತರ ಮುಂದ ಇಡಬೇಕು. ನೀ ನನ್ನ ಬೀಸೂಕಲ್ಲಿನ ಪದದ ಮ್ಯಾಲೆ ಕಟ್ಟಿ ಇಟ್ಟಿ. ಅವರು ‘ಸ್ವರ ಚಂದ ಅವ, ಉಸಿರಿಲ್ಲ’ ಅಂತ ತಿರುಗಿ ಕೊಟ್ರು. ದೀಪಾವಳಿ ತನಕ ಇನ್ನೊಂದೇ ಸಲ ಅವಕಾಶ ಅದ. ಅದನ್ನೂ ಬಿಟ್ಟು ಬಂದು, ನಾರಾಯಣಖೇಡ ಕಚೇರ್ಯಾಗ ಅಪ್ಪ ನೋಡಿಟ್ಟ ಕಾರಕೂನಿಕಿ ಹಿಡೀತೀನಿ ಅಂತ ಬರದೀದಿ. ಹಿಡಿಯಪ್ಪಾ. ಅಲ್ಲಿ ಅರ್ಜಿಗೋಳಿಗೆ ತಾಳ ಹಾಕ್ಕೋತ ಕೂಡು.

ಆದ್ರ ತಪ್ಪು ನಿಂದಲ್ಲೋ, ನಂದು. ಬ್ಯಾಸಗ್ಯಾಗ ಬಂದಾಗ ನೀ ಪಡಸಾಲ್ಯಾಗ ಕುರ್ಚಿ ಹಾಕ್ಕೊಂಡು, ‘ಹಾಡು ಆಯಿ, ಬರಕೋತೀನಿ’ ಅಂದಿ. ಬೀಸೂ ಪದ ಗಂಡಸರ ಮುಂದ ಕುಂತು ಹಾಡೋದು ನಮ್ಮಲ್ಲಿ ಇಲ್ಲ. ಖಾಲಿ ಕಲ್ಲು ತಿರುವಿದ್ರ ಮನಿಗೆ ಕೇಡು, ಅದಕ್ಕ ಕಲ್ಲೂ ಮುಟ್ಟಲಿಲ್ಲ. ನಿನ್ನ ಮಾರಿ ನೋಡಿ ಇಲ್ಲ ಅನ್ನಾಕ ಆಗ್ಲಿಲ್ಲ, ಗ್ವಾಡಿಗೆ ಬೆನ್ನು ಹಚ್ಚಿ ಒಂದೇ ಓಟಕ್ಕ ಹಾಡಿಬಿಟ್ಟೆ. ಬಾಜೂ ಮನಿ ಸಕ್ಕುಬಾಯಿ ಒಳಗ ಸೆರಗು ಬಾಯಿಗಿಟ್ಕೊಂಡು, ‘ಅಕ್ಕಾ, ಇದೇನು ಪದಾನೋ, ಶಾಲಿ ಮಗ್ಗೀನೋ?’ ಅಂತ ನಕ್ಕಳು.

ನಿನ್ನ ಕಾಗದ ಬಂದ ಮರುದಿನ ಮುಂಜಾನೆ ಅಕಿ ಜೋಡಿ ಜ್ವಾಳ ಬೀಸಾಕ ಕುಂತೆ. ಗೂಟ ನಾ ಎಳೆಯೋವಾಗ ನಂಗ ಹಾಡಾಕ ದಮ್ಮಿಲ್ಲ, ಅಕಿ ಹಾಡ್ತಾಳ. ಅಕಿ ಎಳೆಯೋವಾಗ ಅಕಿಗೆ ದಮ್ಮಿಲ್ಲ, ನಾ ಎತ್ಕೋತೀನಿ. ಮುಷ್ಟಿ ಜ್ವಾಳ ಹಾಕೋ ಹೊತ್ತಿಗೆ ಇಬ್ಬರೂ ಸುಮ್ಮನ, ಕಲ್ಲೊಂದೇ ಗುರ್ ಅಂತದ. ಐವತ್ತು ವರ್ಷ ಹಾಡೀನಿ, ಅವತ್ತೇ ಕೇಳಿಸ್ಕೊಂಡೆ. ನೀ ಬರಕೊಂಡಿದ್ದು ಒಬ್ಬ ಮುದುಕಿಯ ಅರ್ಧ ಪದ. ನಿನ್ನ ಪಂಡಿತರು ಶಾಣ್ಯಾರೇ ಇದ್ದಾರ, ಸಿಟ್ಟಾಗಬ್ಯಾಡ.

ನೌಕರಿ ಬ್ಯಾಡ, ಇನ್ನೊಂದು ಸಲ ಹಾಡು ಕಟ್ಟಲಿ ಅಂತ ನಿಮ್ಮಪ್ಪಗ ಹೇಳಿದೆ. ‘ಅವ್ವಾ, ಈ ನೌಕರಿ ಬಿಟ್ರ ಮತ್ತ ಸಿಗೂದಿಲ್ಲ’ ಅಂದ. ‘ಕಾರಕೂನರು ಶ್ರಾವಣದ ನೊಣ ಇದ್ದಂಗ, ಎಷ್ಟು ಬೇಕಷ್ಟು ಹುಟ್ತಾರ. ಹಾಡು ಕಟ್ಟಾಂವ ನಮ್ಮನ್ಯಾಗ ಒಬ್ಬನೇ’ ಅಂದೆ. ಮಧ್ಯಾಹ್ನ ನೋಡ್ತೀನಿ, ತಾನೇ ಬಂಡಿ ಗಾಲಿಗೆ ಎಣ್ಣಿ ಬಿಡಾಕತ್ತಿದ್ದ. ಬಾಯಿಲೆ ಹೂಂ ಅನ್ನೋ ಜಾತಿ ಅಲ್ಲ ಅಂವ.

ಹೊತ್ತಿಗೆ ಉಣ್ಣು. ಸಂಗಮೇಶ್ವರ ನಿನ್ನ ಕೊರಳು ಕಾಯಲಿ, ನಿನ್ನ ಪಂಡಿತರ ಕಿವಿನೂ ಕಾಯಲಿ.

ನಿನ್ನ ಆಯಿ
ಈರಮ್ಮ

ತಾ.ಕ.: ಬಂಡಿ ಯಾಕಂದ್ರ, ಬರೋ ಸೋಮವಾರ ನಾನೂ ಸಕ್ಕುಬಾಯೀನೂ ತಾಂಡೂರದಾಗ ಮುಂಬೈ ಗಾಡಿ ಹತ್ತತೀವಿ. ಮರುದಿನ ಅಲ್ಲಿ ಸ್ಟೇಶನ್ನಿಗೆ ಬಾ. ಕಲ್ಲು ಅಲ್ಲೇ ಎಲ್ಲ್ಯಾರ ನೋಡಿಡು, ಜ್ವಾಳ ನಾವು ತರ್ತೀವಿ. ನಿಜಾಮರ ಗಡಿ ನಾಕಾದಾಗ ಸುಂಕದವರು ಗಂಟು ಬಿಚ್ಚಿಸಿದ್ರ ‘ಮೊಮ್ಮಗನ ಪರೀಕ್ಷಾ ಪುಸ್ತಕ’ ಅಂತೀನಿ. ಕುರ್ಚಿ ಅತ್ತ ಸರಿಸು, ಪೆನ್ಸಿಲ್ಲೂ ಕೆಳಗಿಡು. ಸಕ್ಕುಬಾಯಿ ಹಿಟ್ಟು ಬಳೀತಾಳ, ನೀ ನನ್ನೆದುರು ಕುಂತು ಗೂಟ ಹಿಡಿ. ಬೀಸೋ ಕೈ ಗಂಡಂದೋ ಹೆಣ್ಣಿಂದೋ ಅಂತ ಕಲ್ಲು ಕೇಳೂದಿಲ್ಲ. ನಿಂಗೆಲ್ಲಿ ದಮ್ಮು ಹತ್ತತದೋ, ಅಲ್ಲಿ ನಾ ಎತ್ಕೋತೀನಿ.