ಉಪ್ಪಿನ ಕಾವು

ಹುಬ್ಬಳ್ಳಿ
ಬುಧವಾರ, ೧೪-೧೧-೧೯೫೬

ಚಿ. ಸೌ. ದೇವವ್ವಗೆ ಅಕ್ಕ ಗೌರವ್ವನ ಆಶೀರ್ವಾದಗಳು.

ನಿನ್ನ ಎರಡೂ ಪತ್ರ ಮುಟ್ಟಿದವು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆಯಲು ಒಂದಾದರೂ ಒಳ್ಳೆಯ ಮಾತು ಸಿಕ್ಕೀತೆಂದು ಕಾಯುತ್ತಿದ್ದೆ. ಸಿಗಲಿಲ್ಲ. ಸೋಮವಾರ ನನ್ನ ಬಲಗಾಲಿನ ಪಾದ ತೆಗೆಯುತ್ತಾರೆ. ಅವ್ವನಿಗೆ ಇನ್ನೂ ಹೇಳಿಲ್ಲ. ಅಷ್ಟರೊಳಗೆ ನೀನು ಬಂದು ಅವಳನ್ನು ಪುರ್ತಗೇರಿಗೆ, ನಿನ್ನ ಮನೆಗೆ, ಕರೆದುಕೊಂಡು ಹೋಗಬೇಕು.

ಮೊಣಕಾಲಿನ ಆಪರೇಷನ್ನಿಗೆ ಬಂದವಳ ಪಾದಕ್ಕೇನಾಯಿತು ಎಂದು ಕೇಳುವೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಡಾಕ್ಟರು ಮೊದಲೇ ಹೇಳಿದ್ದರು: ಕೀಲು ಕೆಟ್ಟಿದೆ, ಎಲುಬು ಎಲುಬಿಗೆ ಕೂಡಿಸಿಬಿಡುತ್ತೇನೆ, ಕಾಲು ಮಡಚುವುದಿಲ್ಲ, ಆದರೆ ನೋವು ಹೋಗುತ್ತದೆ. ಗಜೇಂದ್ರಗಡದ ಮನೆಯಲ್ಲಿ ಮಗ್ಗದ ಕುಣಿಗೆ ಕಾಲಿಳಿಬಿಟ್ಟು ನೇಯುವುದು ಇನ್ನು ಮುಗಿಯಿತೆಂದು ತಿಳಿದೇ ಒಪ್ಪಿದೆ. ಆ ನೋವನ್ನು ನೀನು ನೋಡಿದ್ದೀ. ಬೆನ್ನಿಗೆ ಸೂಜಿ ಹಾಕಿದರು. ಸೊಂಟದ ಕೆಳಗೆ ನಾನು ಇಲ್ಲವೇ ಇಲ್ಲ ಅನ್ನಿಸಿತು. ಎಚ್ಚರವಿತ್ತು, ಎಲುಬು ಕೊಯ್ಯುವ ಸಪ್ಪಳ, ಯಾರದೋ ಮನೆಯಲ್ಲಿ ಬಡಿಗ ಕೆಲಸ ಮಾಡಿದ ಹಾಗೆ, ಕೇಳುತ್ತಿತ್ತು. ನೋವು ಮಾತ್ರ ಇರಲಿಲ್ಲ. ದೇವವ್ವ, ಎಷ್ಟೋ ವರ್ಷಗಳ ಮೇಲೆ ಅಷ್ಟು ಹೊತ್ತು ನೋವಿಲ್ಲದೆ ಇದ್ದೆ.

ಮಂಚಕ್ಕೆ ತಂದಾಗ ಕಾಲಿಗೆ ತೊಡೆಯಿಂದ ಪ್ಲಾಸ್ಟರು. ಹೊರಗೆ ಕಾಣುತ್ತಿದ್ದ ಪಾದವನ್ನು ಅವ್ವ ಮುಟ್ಟಿ ನೋಡಿದಳು.

"ಅಯ್ಯ ಶಿವನೇ, ಜೀವಾನ ಇಲ್ದಂಗ ಆಗೇತಲ್ಲ!"

ಪಕ್ಕದ ಮಂಚದಲ್ಲಿರುವ ತನ್ನ ಅತ್ತೆಯ ಆರೈಕೆಗೆ ನಿಂತಿರುವ ನರಗುಂದದ ಲಾಲಬಿ, "ಅದು ಸೂಜಿ ಗುಣ ಯವ್ವಾ, ಸಂಜಿಗೆ ಇಳಿತೈತಿ, ಸುಮ್ನ ಕುಂದರ್ರಿ" ಎಂದಳು.

"ನೀ ಸುಮ್ನಿರವಾ. ಓಣ್ಯಾಗಿನ ಬಾಣಂತೇರ್ನೆಲ್ಲಾ ಎಬ್ಬಿಸಿ ನಿಲ್ಸೀನಿ ನಾ."

ಅಂಗಳದಲ್ಲಿ ರೋಗಿಗಳ ಕಡೆಯವರು ಅಡಿಗೆ ಮಾಡಿಕೊಳ್ಳುವ ಒಲೆಗಳಿವೆ. ಅಲ್ಲಿ ಉಪ್ಪು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ ತಂದು ಹಿಮ್ಮಡಕ್ಕೆ ಒತ್ತಿದಳು. ನಮ್ಮ ಮನೆಯ ರೀತಿ ನಿನಗೆ ಗೊತ್ತು: ಕಾವು ಕೊಡುವವರು ಅಳೆಯುವುದಿಲ್ಲ, ಕೊಡಿಸಿಕೊಳ್ಳುವವರು ಸಾಕು ಅನ್ನಬೇಕು.

"ಹತ್ತತೇನ ಕಾವು?"

"ಇಲ್ಲಬೇ."

"ಈಗ?"

"ಏನೂ ಗೊತ್ತಾಗವಲ್ದು."

"ಎಮ್ಮಿ ಚರ್ಮ ಐತಿ ಬಿಡು ನಿಂದು" ಎಂದು ನಕ್ಕು ಮತ್ತೆ ಒಲೆಯ ಕಡೆ ಹೋದಳು. ನಾನೂ ನಕ್ಕೆ. ನಾನು ಸಾಕು ಅನ್ನಲೇ ಇಲ್ಲ, ಅವಳು ನಿಲ್ಲಿಸಲೇ ಇಲ್ಲ.

ಸಂಜೆ ಸೂಜಿ ಇಳಿದ ಮೇಲೆ ಮೊಣಕಾಲಿನ ನೋವು ಎಷ್ಟು ಬಂತೆಂದರೆ ಹಿಮ್ಮಡದ ಉರಿ ಅದರಲ್ಲಿ ಬೇರೆಯಾಗಿ ತಿಳಿಯಲಿಲ್ಲ. ನಿದ್ದೆಯ ಇಂಜೆಕ್ಷನ್ ಕೊಟ್ಟರು. ಮರುದಿನ ನರ್ಸಬಾಯಿ ಹೊದಿಕೆ ಸರಿಸಿದವರೇ ಡಾಕ್ಟರರ ಕಡೆ ಓಡಿದರು. ಹಿಮ್ಮಡ ಬೆಂದುಹೋಗಿತ್ತು. ಪೆನಿಸಿಲಿನ್ ಆಯಿತು, ದಿನವೂ ತೊಳೆದು ಕಟ್ಟುವುದಾಯಿತು. ಗಾಯ ಮಾಯಲಿಲ್ಲ. ಈಗ ಕಪ್ಪಾಗಿದೆ, ಕಪ್ಪು ಮೇಲಕ್ಕೇರುತ್ತಿದೆ.

"ಮೊಣಕಾಲ ಮಾತ್ರ ಚಲೋ ಕೂಡೇತಿ" ಎಂದರು ಡಾಕ್ಟರು, ನನ್ನ ಮುಖ ನೋಡದೆ. ಸೋಮವಾರವೂ ಅದೇ ಸೂಜಿಯಂತೆ, ನೋವಾಗುವುದಿಲ್ಲವಂತೆ. ನಾನು ಹೂಂ ಅಂದೆ. ನಮ್ಮ ಮನೆಯವರು ಒಪ್ಪಿಗೆಯ ಸಹಿ ಹಾಕಿ ಹೊರಗೆ ಹೋದವರು ಊಟಕ್ಕೂ ಒಳಗೆ ಬರಲಿಲ್ಲ.

ನಿನ್ನ ಯಜಮಾನ ಹೂವಪ್ಪನವರಿಗೆ ಹೇಳಿ ಶನಿವಾರದ ಬಸ್ಸಿಗೆ ಬಾ. ಕೂಸಿಗೆ ಮೈಯಲ್ಲಿ ಆರಾಮಿಲ್ಲ ಎಂದು ಅವ್ವನಿಗೆ ನೆವ ಹೇಳು. ನಂಬದಿದ್ದರೂ ಎದ್ದು ಬರುತ್ತಾಳೆ, ಈಗ ಯಾವುದಕ್ಕೂ ಎದುರಾಡುವುದಿಲ್ಲ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ ಅಕ್ಕ,
ಗೌರವ್ವ

ತಾ.ಕ.: ಪಾದ ಹೋಗುವುದನ್ನು ಅವಳು ನೋಡಬಾರದೆಂದು ಕರೆದೊಯ್ಯಲು ಬರೆದೆ. ಅದು ಪೂರ್ತಿ ಖರೆಯಲ್ಲ. ಹಿಮ್ಮಡ ನೋಡಿದ ದಿನದಿಂದ ಅವ್ವ ನನ್ನನ್ನು ಮುಟ್ಟಿಲ್ಲ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಯ ಹತ್ತಿರ ಕೂಡುತ್ತಾಳೆ. ಇವತ್ತು ನಾನೇ, "ಯವ್ವಾ, ತಲಿ ಸಿಕ್ಕಾಗೇತಿ, ಬಾಚಬೇ" ಎಂದೆ. ಎದ್ದಳು. ಬಾಚಣಿಕೆ ತೆಗೆದುಕೊಂಡಳು. ಅದನ್ನು ಲಾಲಬಿಯ ಮುಂದೆ ಹಿಡಿದು, "ನೀ ಬಾಚವಾ, ನಿನ್ನ ಕೈ ಚಲೋ ಅದಾವ" ಎಂದಳು.